ತಾನಾಗಿ ಬಾರದ ಹುಳು: ಆಫ್ರಿಕದಿಂದ ಕಾಸರಗೋಡಿನ ತೋಟದವರೆಗೆ

ಜೂನ್ ತಿಂಗಳ ಮಳೆ ಹಿಡಿದ ಮೇಲೆ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಬಸವನಹುಳು ಕಾಣಿಸುವುದು ಹೊಸ ಸಂಗತಿಯಲ್ಲ. ಬಿದ್ದ ಸೋಗೆಯಡಿ, ಕಣಿಯ ಬದಿ, ಕೆಂಪುಕಲ್ಲಿನ ಗೋಡೆಯ ಸಂದುಗಳಲ್ಲಿ ಬದುಕುವ ಚಿಕ್ಕ ಚಿಪ್ಪಿನ ಊರ ಹುಳುಗಳು ಇಲ್ಲಿ ಎಂದಿನಿಂದಲೂ ಇವೆ, ಅವುಗಳಿಂದ ಬೆಳೆಗೆ ಹೇಳಿಕೊಳ್ಳುವಂಥ ಹಾನಿಯಾದದ್ದೂ ಕಡಿಮೆ. ಆದರೆ ಬಸಳೆ ಚಪ್ಪರವನ್ನೂ ಪಪ್ಪಾಯಿ ಗಿಡವನ್ನೂ ಬೋಳಿಸಿ, ಹಗಲಾಗುವಷ್ಟರಲ್ಲಿ ತೆಂಗಿನ ಸಿಪ್ಪೆಯ ರಾಶಿಯೊಳಗೆ ಸೇರಿಕೊಳ್ಳುವ, ಅಂಗೈಯುದ್ದದ ಕಂದು ಚಿಪ್ಪಿನ ಹುಳು ಈ ಮಣ್ಣಿನದಲ್ಲ, ಅದು ಆಫ್ರಿಕದ ದೈತ್ಯ ಬಸವನಹುಳು. ಪೂರ್ವ ಆಫ್ರಿಕದ ಕರಾವಳಿಯಲ್ಲಿ, ಇಂದಿನ ಕೀನ್ಯಾ ಮತ್ತು ತಾಂಜಾನಿಯಾದ ಆಸುಪಾಸಿನಲ್ಲಿ ಹುಟ್ಟಿ ಬೆಳೆದ ಈ ಜೀವಿಯನ್ನು ವಿಜ್ಞಾನಿಗಳು ಲಿಸಾಕಟಿನಾ ಫುಲಿಕಾ ಎಂದು ಗುರುತಿಸುತ್ತಾರೆ. ಹಳೆಯ ಪುಸ್ತಕಗಳಲ್ಲಿ ಇದು ಅಕಟಿನಾ ಫುಲಿಕಾ. ಇಡೀ ರಾತ್ರಿ ತೆವಳಿದರೂ ಕೆಲವು ಮಾರು ದೂರ ಮಾತ್ರ ಹೋಗಬಲ್ಲ ಈ ಹುಳು ಸಮುದ್ರಗಳನ್ನು ದಾಟಿ ಬಂದದ್ದು ಹೇಗೆ ಎಂಬುದನ್ನು ಹಿಂದಿನಿಂದ ಹುಡುಕುತ್ತ ಹೋದರೆ, ಹೆಚ್ಚುಕಡಿಮೆ ಪ್ರತಿ ಹಂತದಲ್ಲಿಯೂ ಒಬ್ಬ ಮನುಷ್ಯನ ಕೈ ಕಾಣಿಸುತ್ತದೆ. ಆ ಕೈಗಳ ಪೈಕಿ ಹೆಚ್ಚಿನವು ಒಳ್ಳೆಯ ಉದ್ದೇಶದವೇ.

ಮೊದಲ ಹಂತಗಳು ಹಿಂದೂ ಮಹಾಸಾಗರದ ದ್ವೀಪಗಳು. ಮಡಗಾಸ್ಕರದಿಂದ ಇದು ರಿಯೂನಿಯನ್ ಮತ್ತು ಮಾರಿಷಸ್ ದ್ವೀಪಗಳಿಗೆ 1800ರ ಸುಮಾರಿಗೆ ತಲುಪಿತ್ತು. ಎದೆಯ ಕಾಯಿಲೆಗೆ ಬಸವನಹುಳುವಿನ ಸಾರು ಒಳ್ಳೆಯದೆಂಬ ಆ ಕಾಲದ ನಂಬಿಕೆಯೇ ಅದಕ್ಕೆ ಕಾರಣ ಎಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ.

ಭಾರತಕ್ಕೆ ಬಂದದ್ದರ ವಿವರ ಮಾತ್ರ ಕಥೆಯಲ್ಲ, ದಾಖಲೆ. ವಿಲಿಯಂ ಹೆನ್ರಿ ಬೆನ್ಸನ್ ಈಸ್ಟ್ ಇಂಡಿಯಾ ಕಂಪೆನಿಯ ನಾಗರಿಕ ಸೇವೆಯ ಅಧಿಕಾರಿ. ಕಚೇರಿ ಕೆಲಸದ ನಡುವೆ ಚಿಪ್ಪುಗಳನ್ನು ಸಂಗ್ರಹಿಸುವುದು ಅವನ ಹವ್ಯಾಸ, ಮತ್ತು ಆ ಹವ್ಯಾಸದಲ್ಲಿ ಅವನು ಸಾಮಾನ್ಯನಲ್ಲ: ಭಾರತದ ನೆಲದ ಮತ್ತು ಸಿಹಿನೀರಿನ ಬಸವನಹುಳುಗಳಲ್ಲಿ ಹಲವಾರು ಪ್ರಭೇದಗಳಿಗೆ ಮೊದಲ ವೈಜ್ಞಾನಿಕ ವಿವರಣೆ ಬರೆದವನು ಅವನೇ. 1847ರಲ್ಲಿ ಮಾರಿಷಸ್ಸಿನಿಂದ ಜೀವಂತವಾಗಿ ತಂದ ಹುಳುಗಳು ಅವನ ಮೂಲಕ ಕಲಕತ್ತೆಯ ಚೌರಂಗಿಯ ಒಂದು ಕೈತೋಟವನ್ನು ಸೇರಿದವು. ಆಗಿನ ಭಾರತದಲ್ಲಿ ಬಸವನಹುಳುಗಳನ್ನು ಅವನಷ್ಟು ಬಲ್ಲವರು ಬೆರಳೆಣಿಕೆಯಷ್ಟು ಜನ ಇದ್ದಿರಬಹುದು. ಆ ಬಲ್ಲವನಿಂದಲೇ ಇದು ನಡೆಯಿತು. ಪರದೇಶದ ಜೀವಿಯೊಂದು ಹೊಸ ನೆಲದಲ್ಲಿ ಹೇಗೆ ವರ್ತಿಸಬಹುದು ಎಂಬ ಪ್ರಶ್ನೆಯೇ ಹುಟ್ಟಿರದ ಕಾಲದಲ್ಲಿ ಅವನನ್ನು ದೂರುವುದರಲ್ಲಿ ಅರ್ಥವಿಲ್ಲವಾದರೂ, ತಿಳಿವಳಿಕೆ ಇದ್ದಲ್ಲಿ ಎಚ್ಚರವೂ ಇರುತ್ತದೆ ಎಂದು ನಂಬುವವರು ಈ ಘಟನೆಯನ್ನು ನೆನಪಿಟ್ಟುಕೊಳ್ಳಬೇಕು.

ಕಲಕತ್ತೆಯಿಂದ ಮುಂದಿನ ಪಯಣ ನಿಧಾನವಾಗಿ ಆರಂಭವಾಗಿ ಆಮೇಲೆ ವೇಗ ಪಡೆಯಿತು. 1900ರ ಹೊತ್ತಿಗೆ ಸಿಂಹಳ, ಅದರ ಬೆನ್ನಿಗೆ ಮಲಯ ಮತ್ತು ಸಿಂಗಾಪುರ, 1930ರ ದಶಕದ ಆರಂಭದಲ್ಲಿ ಸಿಂಗಾಪುರದಿಂದ ತೈವಾನ್, ಅಲ್ಲಿಂದ ಜಪಾನೀಯರ ಮೂಲಕ ಪೆಸಿಫಿಕ್ ದ್ವೀಪಗಳು, 1936ರಲ್ಲಿ ಹವಾಯಿ. ತೈವಾನಿಗೆ ಇದನ್ನು ತಂದದ್ದು ಸಾಕಿ ತಿನ್ನಲೆಂದೇ. ಭಾರತದೊಳಗೂ ಅದು ಬಂಗಾಳದ ಗಡಿ ದಾಟಿ 1940ರ ದಶಕದಲ್ಲಿ ಒಡಿಶಾದ ಬಾಲಸೋರಿನ ತರಕಾರಿ ತೋಟಗಳಲ್ಲಿ ಹಾವಳಿಯ ರೂಪ ತಾಳಿತು. ಕೇರಳದಲ್ಲಿ ಅದರ ಹೆಸರು ಮೊದಲು ಕೇಳಿಬಂದದ್ದು ಪಾಲಕ್ಕಾಡ್ ಜಿಲ್ಲೆಯ ಎಲಪ್ಪುಳ್ಳಿಯಿಂದ. ಅಲ್ಲಿಂದ ಮುಂದಿನ ದಶಕಗಳಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, 2018ರ ಮಹಾಪ್ರವಾಹದ ನೀರು ಇಳಿದ ಮೇಲಂತೂ ಹಿಂದೆ ಕಾಣದಿದ್ದ ಊರುಗಳಲ್ಲಿಯೂ ಕಾಣಿಸಿಕೊಂಡಿತು. ಜಗತ್ತಿನ ಬೇರೆ ಬೇರೆ ದೇಶಗಳಿಂದ ಸಂಗ್ರಹಿಸಿದ ಹುಳುಗಳ ವಂಶವಾಹಿಗಳನ್ನು ಹೋಲಿಸಿದಾಗ ಅವುಗಳಲ್ಲಿ ವೈವಿಧ್ಯ ತೀರ ಕಡಿಮೆ ಎಂಬುದು ಕಂಡುಬಂದಿದೆ. ಅಂದರೆ ಏಷ್ಯಾದಿಂದ ಅಮೆರಿಕದವರೆಗಿನ ಈ ಕೋಟ್ಯಂತರ ಹುಳುಗಳ ಹಿಂದೆ ಹಿಂದೂ ಮಹಾಸಾಗರದ ದ್ವೀಪಗಳಿಂದ ಹೊರಟ ಕೆಲವೇ ಪೂರ್ವಜರಿದ್ದಾರೆ.

ಅಷ್ಟು ಕಡಿಮೆ ಹುಳುಗಳಿಂದ ಇಷ್ಟೊಂದು ಸಂತಾನ ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಅದರ ದೇಹರಚನೆಯಲ್ಲಿದೆ. ಪ್ರತಿ ಹುಳುವಿನಲ್ಲಿಯೂ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ. ಸಂತಾನಕ್ಕೆ ಸಾಮಾನ್ಯವಾಗಿ ಇನ್ನೊಂದು ಹುಳು ಬೇಕು ನಿಜ, ಆದರೆ ಒಮ್ಮೆ ಕೂಡಿದ ಹುಳು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು, ಬೇಕಾದಾಗ ಮೊಟ್ಟೆಯಿಡಬಲ್ಲದು. ಹೀಗಾಗಿ ಒಂದೇ ಒಂದು ಹುಳು ಹೊಸ ತೋಟ ಸೇರಿದರೂ ಸಾಕು. ಒಂದು ಸಲಕ್ಕೆ ನೂರರಿಂದ ನಾನೂರರವರೆಗೆ, ವರ್ಷಕ್ಕೆ ಹಲವು ಸಲ, ಹಸಿಮಣ್ಣನ್ನು ಸ್ವಲ್ಪ ಕೆದಕಿ ಸಾಬಕ್ಕಿಯಂಥ ತಿಳಿಹಳದಿ ಮೊಟ್ಟೆಗಳನ್ನು ಅದು ಗುಂಪಾಗಿ ಇಡುತ್ತದೆ. ಬೇಸಗೆ ಬಂದಾಗ ಚಿಪ್ಪಿನ ಬಾಯಿಗೆ ತೆಳುವಾದ ಪೊರೆ ಕಟ್ಟಿಕೊಂಡು ಮಣ್ಣಿನಡಿ ಅಥವಾ ಕಲ್ಲಿನ ಸಂದಿಯಲ್ಲಿ ತಿಂಗಳುಗಟ್ಟಲೆ ಮಲಗಿರುತ್ತದೆ. ಫೆಬ್ರವರಿಯಲ್ಲಿ ತೋಟ ನೋಡಿ ಹುಳು ಸತ್ತುಹೋಯಿತೆಂದುಕೊಂಡವರಿಗೆ ಜೂನಿನಲ್ಲಿ ಅದರ ಲೆಕ್ಕ ತಿಳಿಯುತ್ತದೆ. ತಿನ್ನುವುದರಲ್ಲಿ ಆಯ್ಕೆಯೆಂಬುದು ಕಡಿಮೆ: ಐನೂರಕ್ಕೂ ಹೆಚ್ಚು ಬಗೆಯ ಸಸ್ಯಗಳು ಅದರ ಆಹಾರದ ಪಟ್ಟಿಯಲ್ಲಿವೆ, ನಮ್ಮಲ್ಲಿ ಬಾಳೆ, ಪಪ್ಪಾಯಿ, ಕೊಕ್ಕೊ, ಎಳೆಯ ತರಕಾರಿ ಸಸಿಗಳೆಲ್ಲ ಅದರೊಳಗೇ ಬರುತ್ತವೆ. ಚಿಪ್ಪು ಬೆಳೆಯಲು ಸುಣ್ಣದಂಶ ಬೇಕು, ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಅದು ಕಡಿಮೆ. ಆದ್ದರಿಂದ ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಸುಣ್ಣ ಬಳಿದ ಗೋಡೆಗೆ, ಬಾವಿಕಟ್ಟೆಗೆ ಅಂಟಿಕೊಂಡು, ಸಾವಿರಾರು ಸೂಕ್ಷ್ಮ ಹಲ್ಲುಗಳಿರುವ ನಾಲಿಗೆಯಿಂದ ಅದು ಗೋಡೆಯನ್ನೇ ಕೆರೆಯುತ್ತಿರುವುದು ಕಾಣುತ್ತದೆ. ಹತ್ತಿರ ನಿಂತರೆ ಆ ಸಣ್ಣ ಕರಕರ ಸದ್ದು ಕೇಳಿಸುವುದೂ ಉಂಟು.

ಹೊಸ ನೆಲದಲ್ಲಿ ಇಂಥ ಹುಳು ಪತ್ತೆಯಾಯಿತು ಎಂದಾಗ ಅದು ಅಂದೇ ಬಂದಿರುವುದಿಲ್ಲ, ಬಂದು ಒಂದೆರಡು ಪೀಳಿಗೆ ಕಳೆದ ಮೇಲೆಯೇ ನಮ್ಮ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಅಮೆರಿಕದ ಫ್ಲಾರಿಡಾಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1966ರಲ್ಲಿ ಹವಾಯಿಯಿಂದ ಮಯಾಮಿಗೆ ಮರಳಿದ ಹುಡುಗನೊಬ್ಬ ಮೂರು ಹುಳುಗಳನ್ನು ತಂದ, ಅವನ ಅಜ್ಜಿ ಅವನ್ನು ಹಿತ್ತಿಲಿಗೆ ಬಿಟ್ಟಳು. ಸರಕಾರಕ್ಕೆ ಸುದ್ದಿ ಮುಟ್ಟಿದ್ದು ಮೂರು ವರ್ಷಗಳ ನಂತರ. ಆ ಮೂರರ ಸಂತಾನವನ್ನು ಮುಗಿಸಲು 1975ರವರೆಗೆ ಹೆಣಗಬೇಕಾಯಿತು, ಹಿಡಿದ ಹುಳುಗಳು ಹದಿನೆಂಟು ಸಾವಿರಕ್ಕೂ ಹೆಚ್ಚು, ಖರ್ಚು ಸುಮಾರು ಹತ್ತು ಲಕ್ಷ ಡಾಲರ್. ಅದೇ ಮಯಾಮಿಯಲ್ಲಿ 2011ರಲ್ಲಿ ಹುಳು ಮತ್ತೆ ಸಿಕ್ಕಿತು. ವಾಸನೆ ಹಿಡಿಯಲು ನಾಯಿಗಳಿಗೂ ತರಬೇತಿ ಕೊಟ್ಟು, ಒಂದೂವರೆ ಲಕ್ಷಕ್ಕೂ ಹೆಚ್ಚು ಹುಳುಗಳನ್ನು ಹೆಕ್ಕಿ, 2021ರಲ್ಲಿ ಅದು ನಿರ್ಮೂಲವಾಯಿತೆಂದು ಘೋಷಿಸಿದರು. ಮರುವರ್ಷವೇ ಅದೇ ರಾಜ್ಯದ ಇನ್ನೊಂದು ಕೌಂಟಿಯಲ್ಲಿ ಹುಳು ಕಂಡಿತು.

ಮದ್ದಿಗಿಂತ ಮದ್ದಿನ ಮೇಲಿನ ನಂಬಿಕೆ ಹೆಚ್ಚು ಅಪಾಯಕಾರಿಯಾದ ಅಧ್ಯಾಯವೂ ಈ ಚರಿತ್ರೆಯಲ್ಲಿದೆ. ಆಫ್ರಿಕದ ಹುಳುವನ್ನು ಹತೋಟಿಗೆ ತರಲೆಂದು, ಬಸವನಹುಳುವನ್ನೇ ತಿನ್ನುವ ಯೂಗ್ಲಾಂಡಿನಾ ಎಂಬ ಇನ್ನೊಂದು ಬಸವನಹುಳುವನ್ನು 1955ರಲ್ಲಿ ಹವಾಯಿಯಲ್ಲಿಯೂ, 1970ರ ದಶಕದಲ್ಲಿ ತಹಿತಿ ಮತ್ತು ಮೊರೇಯಾ ದ್ವೀಪಗಳಲ್ಲಿಯೂ ಬಿಡಲಾಯಿತು. ಅದು ಆಫ್ರಿಕದ ದೈತ್ಯನ ಗೊಡವೆಗೆ ಹೆಚ್ಚು ಹೋಗದೆ, ಅಲ್ಲಿನ ಮರಗಳ ಮೇಲೆ ಬದುಕುತ್ತಿದ್ದ ಪಾರ್ಟುಲಾ ಎಂಬ ಪುಟ್ಟ ಊರ ಹುಳುಗಳನ್ನು ತಿಂದು ಮುಗಿಸಿತು. ಯೂಗ್ಲಾಂಡಿನಾ ಬಿಟ್ಟು ಹತ್ತು ವರ್ಷವಾಗುವಷ್ಟರಲ್ಲಿ ಮೊರೇಯಾದ ಕಾಡಿನಲ್ಲಿ ಪಾರ್ಟುಲಾ ಹೆಚ್ಚುಕಡಿಮೆ ಉಳಿಯಲಿಲ್ಲ. ಕೆಲವು ಪ್ರಭೇದಗಳು ಮೃಗಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ ಮಾತ್ರ ಬದುಕಿಕೊಂಡವು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿಕೊಂಡ ಕಾಸರಗೋಡಿನ ಜನರಿಗೆ ಈ ಸಂಗತಿಯನ್ನು ಹೆಚ್ಚು ವಿವರಿಸುವ ಅಗತ್ಯ ಬೀಳಲಾರದು.

ಆರೋಗ್ಯದ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡೇ ಬಂದಿದೆ. ಇಲಿಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ಬೆಳೆಯುವ ಒಂದು ಜಂತುಹುಳುವಿನ ಮರಿಗಳು ಇಲಿಯ ಹಿಕ್ಕೆಯ ಮೂಲಕ ಬಸವನಹುಳುವಿನ ಮೈ ಸೇರುತ್ತವೆ. ಅಲ್ಲಿಂದ ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯ ಮೂಲಕವೋ, ಬೇಯಿಸದ ಹುಳುವನ್ನು ತಿಂದದ್ದರಿಂದಲೋ ಮನುಷ್ಯನ ಮೈಸೇರಿದರೆ ಮಿದುಳಿನ ಪೊರೆಯ ಉರಿಯೂತ ಬರಬಹುದು. ಮನುಷ್ಯರಲ್ಲಿ ಇದರ ಮೊದಲ ಪ್ರಕರಣ ದಾಖಲಾದದ್ದು 1945ರಲ್ಲಿ, ಅದೂ ತೈವಾನಿನಲ್ಲಿ. ಹುಳು ಕಂಡವರೆಲ್ಲ ಹೆದರಿ ಓಡಬೇಕಾಗಿಲ್ಲ, ಬರಿಗೈಯಲ್ಲಿ ಮುಟ್ಟದಿರುವುದು, ಮಕ್ಕಳ ಕೈಗೆ ಆಡಲು ಕೊಡದಿರುವುದು, ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸುವುದು ಇಷ್ಟು ಮಾಡಿದರೆ ಭಯಕ್ಕೆ ಕಾರಣ ಕಡಿಮೆ.

ಕೇರಳದಲ್ಲಿ ಇದರ ನಿಯಂತ್ರಣಕ್ಕೆ ದಾರಿ ತೋರಿಸಿದ್ದು ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ. 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಒಂದು ಲೀಟರಿಗೆ ಇಳಿಯುವವರೆಗೆ ಕುದಿಸಿ ಸೋಸಿ, 60 ಗ್ರಾಂ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) ಬೇರೆ ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಎರಡನ್ನೂ ಸೇರಿಸಿ ಹುಳುವಿನ ಮೇಲೆ ಸಿಂಪಡಿಸುವುದು ಅದು ಸೂಚಿಸಿದ ಕ್ರಮ. ಅಡಿಕೆಯ ಕೊಳೆರೋಗವಾದ ಮಹಾಳಿಗೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ಮದ್ದು ಬಿಟ್ಟು ಅಭ್ಯಾಸವಿರುವ ನಮ್ಮ ಕೃಷಿಕರ ಮನೆಯಲ್ಲಿ ಮೈಲುತುತ್ತಿಗೆ ಬರವಿಲ್ಲ, ತಾಮ್ರವನ್ನು ಬಸವನಹುಳು ಸಹಿಸದೆಂಬುದೂ ನಿಜ. ಆದರೆ ಅದೇ ತಾಮ್ರ ಮೀನಿಗೂ ನೀರಿನ ಇತರ ಜೀವಿಗಳಿಗೂ ವಿಷ, ಹೀಗಾಗಿ ನೀರಿನ ಸುರಂಗದ ಬಾಯಿಯ ಬಳಿ, ಮದಕದ (ಕೆರೆಯ) ದಂಡೆಯಲ್ಲಿ, ಹೊಳೆಗೆ ಸೇರುವ ಕಣಿಯಲ್ಲಿ ಇದನ್ನು ಬಳಸುವುದು ತರವಲ್ಲ. ಉಪ್ಪು ಸುರಿದರೂ ಹುಳು ಸಾಯುತ್ತದೆ, ಜತೆಗೆ ಅಲ್ಲಿನ ಮಣ್ಣೂ ಕೆಡುತ್ತದೆ.

ನನ್ನ ಅಭಿಪ್ರಾಯದಲ್ಲಿ ಮದ್ದಿಗಿಂತ ಹೆಕ್ಕುವುದೇ ಮೇಲು. ಒದ್ದೆ ಮಾಡಿದ ಗೋಣಿಚೀಲದ ಮೇಲೆ ಕೋಸಿನ ಎಲೆ ಅಥವಾ ಪಪ್ಪಾಯಿ ಎಲೆ ಹರಡಿ ಸಂಜೆ ತೋಟದಲ್ಲಿಟ್ಟರೆ ಬೆಳಗ್ಗೆ ಹುಳುಗಳು ಅದರಡಿ ಸೇರಿರುತ್ತವೆ. ಕೈಗವಸು ಹಾಕಿ ಹೆಕ್ಕಿ, ಉಪ್ಪುನೀರಿನ ಬಕೆಟಿನಲ್ಲಿ ಹಾಕಿ ಸಾಯಿಸಿ, ಆಮೇಲೆ ಹೊಂಡದಲ್ಲಿ ಹೂಳುವುದು ಅಗ್ಗದ ಕೆಲಸ. ಆದರೆ ಒಂದೇ ಮನೆಯವರು ಮಾಡಿದರೆ ಪಕ್ಕದ ತೋಟದಿಂದ ಮತ್ತೆ ಬರುತ್ತದೆ, ಇಡೀ ವಾರ್ಡಿನವರು ಒಟ್ಟಿಗೆ ಮಾಡಬೇಕು. ಹೆಕ್ಕುವಾಗ ಗುರುತು ತಪ್ಪಬಾರದು. ಬಂದ ಹುಳುವಿನ ಚಿಪ್ಪು ಉದ್ದಕ್ಕೆ ಶಂಕುವಿನಂತೆ ಚೂಪಾಗಿದ್ದು, ಕಂದು ಬಣ್ಣದ ಮೇಲೆ ಅಡ್ಡಾದಿಡ್ಡಿ ಪಟ್ಟೆಗಳಿರುತ್ತವೆ. ದುಂಡಗಿನ ಇಲ್ಲವೇ ಚಪ್ಪಟೆ ಚಿಪ್ಪಿನವು, ಘಟ್ಟದ ಕಾಡಿನಲ್ಲಿ ಕೆಂಪು ಮೈಯ ಇಂಡ್ರೆಲ್ಲಾದಂಥವು ಇಲ್ಲಿಯವೇ, ಅವುಗಳನ್ನು ಬಿಟ್ಟುಬಿಡಬೇಕು. ಆಫ್ರಿಕದ ಹುಳುವನ್ನು ಹಿಡಿದು ತಿನ್ನುವ ಕೆಂಬೂತ ತೋಟದಲ್ಲಿದ್ದರೆ ಅದನ್ನೂ ಓಡಿಸಬಾರದು.

ಇನ್ನು ಹೊಸ ಜಾಗಕ್ಕೆ ಅದು ಬರುವ ದಾರಿ. ಬೆನ್ಸನ್ ಹಡಗಿನಲ್ಲಿ ತಂದ, ಮಯಾಮಿಯ ಹುಡುಗ ಕೈಯಲ್ಲಿ ತಂದ. ನಮ್ಮಲ್ಲಿಗೆ ತರುವುದು ನರ್ಸರಿ ಗಿಡದ ಗ್ರೋಬ್ಯಾಗು, ಲೋಡುಗಟ್ಟಲೆ ಬರುವ ಹಟ್ಟಿಗೊಬ್ಬರ, ಮರದ ದಿಮ್ಮಿ, ಬೇರೆ ಕಡೆಯಿಂದ ತುಂಬಿಸಿದ ಮಣ್ಣು. ತೆಂಕಿನಿಂದಲೂ ಬಡಗಿನಿಂದಲೂ ದಿನವೂ ಲಾರಿಗಳು ಬರುವ ಈ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯಾದ ತಲಪಾಡಿಯ ಗೇಟಿನಲ್ಲಿ ಗಾಡಿಯ ಕಾಗದ ನೋಡಬಹುದೇ ಹೊರತು ಗಿಡದ ಬುಡದ ಮಣ್ಣನ್ನು ಕೆದಕಿ ನೋಡುವವರಿಲ್ಲ. ಆ ಕೆಲಸ ಗಿಡ ಕೊಂಡವರದೇ. ತಂದ ಗಿಡಗಳನ್ನು ಕೂಡಲೇ ತೋಟಕ್ಕೆ ಒಯ್ಯದೆ ಅಂಗಳದ ಸಿಮೆಂಟಿನ ಮೇಲೆ ಕೆಲವು ದಿನ ಬೇರೆಯಾಗಿಟ್ಟು, ಚೀಲದ ತಳವನ್ನೂ ಮೇಲ್ಮಣ್ಣನ್ನೂ ಬೆರಳಿನಿಂದ ಸರಿಸಿ, ಹುಳುವಿಗಿಂತ ಮೊದಲು ಮೊಟ್ಟೆಯನ್ನು ಹುಡುಕಬೇಕು. ಸಿಕ್ಕಿದರೆ ಆ ಮಣ್ಣಿನ ಮೇಲೆ ಕುದಿಯುವ ನೀರು ಸುರಿದು, ಗಿಡವನ್ನು ಬೇರೆ ಮಣ್ಣಿನಲ್ಲಿ ನೆಟ್ಟು, ವಿಷಯವನ್ನು ಕೃಷಿಭವನಕ್ಕೂ ಗಿಡ ಮಾರಿದವರಿಗೂ ತಿಳಿಸಬೇಕು. ಅದೇ ನರ್ಸರಿಯ ಗಿಡಗಳು ಆ ವಾರ ಬೇರೆ ಮನೆಗಳಿಗೂ ಹೋಗಿರುತ್ತವೆ.