ಎರಡೂ ಕಡೆ ಒಂದೇ ಥರ ಇದ್ದರೆ ಮ್ಯಾಪ್ ಚೆನ್ನಾಗಿರುತ್ತಾ?

ಪ್ರಶ್ನೆ: ಸರ್, ನಾವು ಗೆಳೆಯರೆಲ್ಲ ಸೇರಿ ಐದೈದು ಜನ ಆಡುವ ಶೂಟಿಂಗ್ ಗೇಮ್‌ಗೆ ಒಂದು ಮ್ಯಾಪ್ ಮಾಡ್ತಿದ್ದೀವಿ. ಒಳ್ಳೆ ಮ್ಯಾಪ್ ಅಂದ್ರೆ ಏನು? ಎರಡೂ ಟೀಮಿಗೆ ಒಂದೇ ಥರ ಜಾಗ ಕೊಟ್ಟರೆ ಸಾಕಲ್ವಾ? (ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ)

ಸಾಕಾಗುವುದಿಲ್ಲ. ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ, ಪರೀಕ್ಷೆ ಮುಗಿದ ಮೇಲಂತೂ ಜಾಸ್ತಿ. ಪ್ರಶ್ನೆಯ ಮೊದಲ ಭಾಗ ತುಂಬಾ ಒಳ್ಳೆಯದು. ಎರಡನೇ ಭಾಗದಲ್ಲಿರುವ ನಂಬಿಕೆ ಮಾತ್ರ ಎಷ್ಟು ಸಲ ಹೇಳಿದರೂ ಹೋಗುತ್ತಿಲ್ಲ. ಇವತ್ತು ಅದನ್ನೇ ಕೂತು ಬಿಡಿಸೋಣ.

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಮ್ಯಾಪ್ ಅಂದರೆ ಗೇಮಿನೊಳಗೆ ಆಟ ನಡೆಯುವ ಜಾಗ. ಒಳ್ಳೆ ಮ್ಯಾಪಿನಲ್ಲಿ ಪ್ರತಿ ಟೀಮಿಗೂ ಯಾವಾಗಲೂ ಎರಡು ಮೂರು ದಾರಿ ಇರುತ್ತವೆ. ಎದುರಾಳಿ ಯಾವ ದಾರಿ ಹಿಡಿದ ಅಂತ ಮೊದಲೇ ಗೊತ್ತಾಗುವುದಿಲ್ಲ, ಆದರೆ ಕಿವಿಗೊಟ್ಟರೆ, ಒಬ್ಬನನ್ನು ಕಳಿಸಿ ನೋಡಿದರೆ ಗೊತ್ತಾಗುತ್ತದೆ. ಸತ್ತವನಿಗೆ ತಾನು ಯಾಕೆ ಸತ್ತೆ ಅನ್ನುವುದು ತಿಳಿಯುತ್ತದೆ. ಉಳಿದದ್ದೆಲ್ಲ ಇದಕ್ಕೆ ಬೇಕಾದ ಕೆಲಸ.

ಈಗ ಆ ನಂಬಿಕೆ. ಜಾಗ ಸಮ ಇದ್ದರೆ ಆಟವೂ ಸಮ ಅಂತ ನೀವು ಅಂದುಕೊಂಡಿದ್ದೀರಿ. ಹಾಗಾದರೆ ಡಸ್ಟ್ 2 ನೋಡಿ. ಡೇವ್ ಜಾನ್ಸ್ಟನ್ ಮಾಡಿದ, ಕೌಂಟರ್ ಸ್ಟ್ರೈಕ್ ಅನ್ನುವ ಶೂಟಿಂಗ್ ಗೇಮಿನ ಈ ಮ್ಯಾಪ್ ಬಂದದ್ದು 2001ರಲ್ಲಿ. ಇವತ್ತಿಗೂ ಜನ ಅದನ್ನು ಆಡುತ್ತಿದ್ದಾರೆ. ಅದರ ನಕ್ಷೆ ಬಿಡಿಸಿ ಮಧ್ಯೆ ಗೆರೆ ಎಳೆಯಿರಿ. ಎರಡು ಅರ್ಧ ಎಲ್ಲೂ ಹೊಂದುವುದಿಲ್ಲ. ಒಂದು ಟೀಮು ಬಾಂಬ್ ಹೊತ್ತುಕೊಂಡು ಎ ಅಥವಾ ಬಿ ಜಾಗಕ್ಕೆ ಬರಬೇಕು, ಇನ್ನೊಂದು ಅದನ್ನು ತಡೆಯಬೇಕು. ತಡೆಯುವವರು ಆ ಎರಡೂ ಜಾಗಕ್ಕೆ ಮೊದಲು ಮುಟ್ಟುತ್ತಾರೆ. ಬರುವವರಿಗೆ ದೂರ ಜಾಸ್ತಿ. ಆದರೆ ಎಲ್ಲಿಗೆ, ಯಾವಾಗ ನುಗ್ಗಬೇಕು ಅಂತ ತೀರ್ಮಾನ ಮಾಡುವುದು ಅವರೇ. ಎರಡು ಟೀಮಿನ ಕೆಲಸವೇ ಬೇರೆ ಬೇರೆ ಇರುವಾಗ ಜಾಗ ಯಾಕೆ ಒಂದೇ ಥರ ಇರಬೇಕು?

ಹಾಗಾದರೆ ನ್ಯಾಯ ಎಲ್ಲಿಂದ ಬರುತ್ತದೆ? ಕಡೆ ಬದಲಾಯಿಸುವುದರಿಂದ. ಕೌಂಟರ್ ಸ್ಟ್ರೈಕ್ 2ರಲ್ಲೂ ಅದೇ ಥರದ ಇನ್ನೊಂದು ಗೇಮ್ ಆದ ವ್ಯಾಲೊರಂಟ್‌ನಲ್ಲೂ 12 ರೌಂಡ್ ಆದ ಮೇಲೆ ಟೀಮುಗಳು ಕಡೆ ಬದಲಾಯಿಸುತ್ತವೆ, 13 ರೌಂಡ್ ಗೆದ್ದವರಿಗೆ ಮ್ಯಾಚ್. ಮ್ಯಾಪ್ ಒಂದು ಕಡೆಗೆ ಸ್ವಲ್ಪ ವಾಲಿದ್ದರೂ ಆ ಲಾಭ ಇಬ್ಬರಿಗೂ ಸಿಗುತ್ತದೆ. ನೀವು ಮ್ಯಾಪಿನಲ್ಲಿ ಹುಡುಕುತ್ತಿದ್ದ ಸಮಾನತೆ ಆಟದ ನಿಯಮದಲ್ಲಿ ಕೂತಿದೆ. ಇದನ್ನು ಒಮ್ಮೆ ಒಪ್ಪಿಕೊಂಡರೆ ನಿಮ್ಮ ಕೈ ಎಷ್ಟು ಹಗುರವಾಗುತ್ತದೆ ನೋಡಿ. ಒಂದು ಗೋಡೆ ಇಟ್ಟ ಕೂಡಲೇ ಆಚೆ ಕಡೆಯೂ ಅಂಥದ್ದೇ ಇಡುವ ಗೋಜಿಲ್ಲ.

ಸಮ ಇರಬೇಕಾದದ್ದು ಆಕಾರವಲ್ಲ, ಸಮಯ. ಎರಡು ಟೀಮುಗಳೂ ಶುರುವಿನಿಂದ ಓಡಿ ಬಂದರೆ ಮೊದಲ ಸಲ ಎಲ್ಲಿ ಎದುರಾಗುತ್ತಾರೆ? ಮ್ಯಾಪ್ ಮಾಡುವವನು ಮೊದಲು ಅಳೆಯಬೇಕಾದದ್ದು ಇದನ್ನು. ಕೌಂಟರ್ ಸ್ಟ್ರೈಕ್‌ನಲ್ಲಿ ಚಾಕು ಹಿಡಿದು ಓಡುವವನು ಸೆಕೆಂಡಿಗೆ 250 ಯೂನಿಟ್ (ಗೇಮಿನೊಳಗಿನ ಉದ್ದದ ಅಳತೆ) ಹೋಗುತ್ತಾನೆ. ಅಂದರೆ 1000 ಯೂನಿಟ್ ಉದ್ದದ ಓಣಿಗೆ 4 ಸೆಕೆಂಡ್. ಪೆನ್ನು ಹಾಳೆ ಇದ್ದರೆ ಸಾಕು, ಜಗಳ ಎಲ್ಲಿ ಆಗುತ್ತದೆ ಅಂತ ಮೊದಲೇ ಗುರುತು ಹಾಕಬಹುದು. ಡಸ್ಟ್ 2ರಲ್ಲಿ ಲಾಂಗ್ ಅಂತ ಕರೆಯುವ ಉದ್ದ ದಾರಿಯ ಬಾಗಿಲ ಹತ್ತಿರ ಎರಡೂ ಕಡೆಯವರು ಹೆಚ್ಚು ಕಡಿಮೆ ಒಟ್ಟಿಗೇ ಬಂದು ಸೇರುತ್ತಾರೆ. ಅದಕ್ಕೇ ಅಲ್ಲಿ ಅಷ್ಟು ಗುದ್ದಾಟ. ಬಾಗಿಲು ಒಂದೆರಡು ಸೆಕೆಂಡಿನ ಓಟದಷ್ಟು ಆಚೆ ಈಚೆ ಇದ್ದಿದ್ದರೆ ಆ ಜಾಗ ಒಂದು ಟೀಮಿಗೆ ಪುಕ್ಕಟೆ ಸಿಕ್ಕಿಬಿಡುತ್ತಿತ್ತು.

ಇನ್ನೊಂದು ವಿಷಯ. ಸಮ ಇರುವ ಮ್ಯಾಪೂ ಕೆಡಬಹುದು. ಟೀಮ್ ಫೋರ್ಟ್ರೆಸ್ 2 ಅನ್ನುವ ಶೂಟಿಂಗ್ ಗೇಮಿನಲ್ಲಿ 2ಫೋರ್ಟ್ ಅಂತ ಮ್ಯಾಪ್ ಇದೆ. ಎದುರುಬದುರು ಎರಡು ಕೋಟೆ, ನಡುವೆ ಸೇತುವೆ, ಕೆಳಗೆ ನೀರು. ಎರಡೂ ಕಡೆ ಒಂದೇ ಥರ. ಅಲ್ಲಿ ಕಾಯುವುದು ಸುಲಭ, ನುಗ್ಗುವುದು ಕಷ್ಟ. ಆ ಸುಲಭವೂ ಕಷ್ಟವೂ ಇಬ್ಬರಿಗೂ ಸಮ. ಫಲ ಏನು? ಇಬ್ಬರೂ ಕಾಯುತ್ತಾರೆ, ಆಟ ಮುಗಿಯುವುದೇ ಇಲ್ಲ. ಗೆಳೆಯರ ಜೊತೆ ಹರಟೆ ಹೊಡೆಯುತ್ತಾ ಆಡಲು ಅದು ಚೆನ್ನ, ಅದನ್ನು ಪ್ರೀತಿಸುವವರು ಬಹಳ ಇದ್ದಾರೆ. ಪಂದ್ಯ ಕಟ್ಟಿ ಆಡುವುದಾದರೆ ಬೇಡ.

ಅಷ್ಟೇ ಅಲ್ಲ, ಸಮ ಅಂದುಕೊಂಡದ್ದು ಸಮವೇ ಆಗಿರದೆಯೂ ಇರಬಹುದು. ನನ್ನ ಹತ್ತಿರ ಮ್ಯಾಪ್ ಮಾಡಲು ಕಲಿಯುವ ಮಕ್ಕಳಿಗೆ ಇದನ್ನು ಹಾಳೆ ಕೊಟ್ಟು ಮಾಡಿಸುತ್ತೇನೆ. ಅರ್ಧ ಹಾಳೆಯಲ್ಲಿ ಮ್ಯಾಪ್ ಬರೆದು, ಮಡಚಿ, ಅಚ್ಚು ಒತ್ತಿದರೆ ಕನ್ನಡಿಯಲ್ಲಿ ಕಂಡ ಹಾಗೆ ಇನ್ನರ್ಧ ಬರುತ್ತದೆ. ಆಗ ಈ ಟೀಮಿಗೆ ಎಡಕ್ಕಿರುವ ಗೋಡೆ ಆ ಟೀಮಿಗೆ ಬಲಕ್ಕಿರುತ್ತದೆ. ಮೊಬೈಲ್ ಗೇಮ್ ಬಿಜಿಎಂಐ ಥರ ಆಟಗಾರನ ಬೆನ್ನ ಹಿಂದಿನಿಂದ ಕಾಣುವ ಗೇಮ್‌ಗಳಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಬಲ ಭುಜದ ಮೇಲಿರುತ್ತದೆ. ಗೋಡೆಯ ಬಲ ಅಂಚಿನಿಂದ ಇಣುಕುವವನಿಗೆ ಮೈ ತೋರಿಸದೆ ಎದುರಿನವನು ಕಾಣುತ್ತಾನೆ. ಎಡ ಅಂಚಿನಲ್ಲಿರುವವನು ಜಾಸ್ತಿ ಹೊರಗೆ ಬರಬೇಕು. ಅಲ್ಲಿಗೆ ನಿಮ್ಮ ಸಮಾನತೆ ಹೋಯಿತು. ಮಡಚುವ ಬದಲು ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ ನಕಲು ಮಾಡಿದರೆ ಇಬ್ಬರಿಗೂ ಗೋಡೆ ಎಡಕ್ಕೇ ಬರುತ್ತದೆ. ಇದು ಹೊಳೆದ ಕೂಡಲೇ ಮಕ್ಕಳು ತಮ್ಮ ಹಳೆ ಮ್ಯಾಪನ್ನೆಲ್ಲ ತೆಗೆದು ತಿದ್ದಲು ಕೂರುತ್ತಾರೆ. ನನಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಹಾಗಂತ ಸಮ ಇರುವ ಮ್ಯಾಪ್ ಬೇಡ ಅಂತಲ್ಲ. ಟೀಮ್ ಡೆತ್‌ಮ್ಯಾಚ್, ಅಂದರೆ ಎದುರಾಳಿಗಳನ್ನು ಹೆಚ್ಚು ಸಲ ಕೊಂದ ಟೀಮು ಗೆಲ್ಲುವ ಆಟ, ಮತ್ತೆ ಬಾವುಟ ಕದಿಯುವ ಆಟ, ಇವುಗಳಲ್ಲಿ ಇಬ್ಬರ ಕೆಲಸವೂ ಒಂದೇ. ಅಲ್ಲಿ ಸಮ ಮಾಡಿ, ತಿರುಗಿಸಿ ಮಾಡಿ. ಒಬ್ಬರು ನುಗ್ಗಿ ಒಬ್ಬರು ತಡೆಯುವ ಆಟಕ್ಕೆ ಮಾತ್ರ ಈ ಹಠ ಬಿಡಿ.

ಇನ್ನು ಉಳಿದದ್ದು ಬೇಗ ಹೇಳುತ್ತೇನೆ. ಎಲ್ಲರೂ ಒಂದೇ ಕಿರಿದಾದ ಜಾಗದಲ್ಲಿ ಹಾಯುವ ಹಾಗೆ ಮಾಡಬೇಡಿ. ದಾವಣಗೆರೆಯ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾದು ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಓವರ್‌ವಾಚ್‌ನ (ಇದೂ ಒಂದು ಶೂಟಿಂಗ್ ಗೇಮ್) ಹನಮುರಾ ಮ್ಯಾಪಿನ ಮೊದಲ ಹೆಬ್ಬಾಗಿಲು ಇಂಥದ್ದೇ. ಅಲ್ಲಿ ಆಡುತ್ತಿದ್ದ, ಒಂದಾದ ಮೇಲೊಂದು ಎರಡು ಜಾಗ ಹಿಡಿಯುವ ಬಗೆಯ ಆಟವನ್ನೇ 2022ರಲ್ಲಿ ಓವರ್‌ವಾಚ್ 2 ಬಂದಾಗ ಮಾಮೂಲಿ ಪಂದ್ಯಗಳಿಂದ ತೆಗೆದರು. ಕಿರಿದಾದ ಜಾಗ ಇರಲಿ, ಅದನ್ನು ಬಳಸಿಕೊಂಡು ಹೋಗಲು ಇನ್ನೊಂದು ದಾರಿಯೂ ಇರಲಿ. ಮೂರು ದಾರಿಯೇ ಬೇಕು ಅಂತ ಕಾನೂನಿಲ್ಲ. ವ್ಯಾಲೊರಂಟ್‌ನ ಬೈಂಡ್‌ನಲ್ಲಿ ನಡುವಿನ ದಾರಿಯೇ ಇಲ್ಲ, ಬದಲಿಗೆ ಹೊಕ್ಕವನನ್ನು ಕ್ಷಣದಲ್ಲಿ ಮ್ಯಾಪಿನ ಬೇರೆ ಜಾಗಕ್ಕೆ ಒಯ್ಯುವ ಎರಡು ಟೆಲಿಪೋರ್ಟರ್ ಇವೆ. ಹೋದವನು ಅದರಲ್ಲೇ ವಾಪಸ್ ಬರುವ ಹಾಗಿಲ್ಲ, ಶಬ್ದವೂ ಕೇಳುತ್ತದೆ. ಲಾಭಕ್ಕೆ ತಕ್ಕ ಬೆಲೆ ಅಂದರೆ ಇದು.

ಪ್ರತಿ ಮೂಲೆಗೂ ಗುರುತು ಇರಬೇಕು. "ನೀಲಿ ಲಾರಿ ಹಿಂದೆ ಒಬ್ಬ" ಅಂತ ಒಂದೇ ಉಸಿರಿನಲ್ಲಿ ಕೂಗಲು ಆಗಬೇಕು. ಎಲ್ಲ ಗೋಡೆಯೂ ಒಂದೇ ಬಣ್ಣ ಇದ್ದರೆ "ಅಲ್ಲಿ, ಅಲ್ಲಿ" ಅನ್ನುವಷ್ಟರಲ್ಲಿ ಗೆಳೆಯ ಸತ್ತಿರುತ್ತಾನೆ.

ನೀವು ಇದನ್ನು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮ ಕಡೆ ಮ್ಯಾಪ್ ಮಾಡಲು ಕೂತವರು ಬೇಗನೇ ಚಿತ್ರದುರ್ಗದ ಕೋಟೆಗೆ ಬಂದು ನಿಲ್ಲುತ್ತಾರೆ. ಆಸೆ ಸಹಜ. ಏಳು ಸುತ್ತಿನ ಕೋಟೆ, ಬಂಡೆ, ತಿರುವು ತಿರುವಾದ ದಾರಿ, ಒನಕೆ ಓಬವ್ವನ ಕಿಂಡಿ. ಇದ್ದದ್ದನ್ನು ಇದ್ದ ಹಾಗೇ ಇಳಿಸಿದರೆ ಮಾತ್ರ ಆಡಲು ಆಗುವುದಿಲ್ಲ. ಕೋಟೆ ಕಟ್ಟುವುದು ಒಳಗಿರುವವರು ಸೋಲಬಾರದು ಅಂತ. ಹೊರಗಿನವನು ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತಲೇ ದಾರಿಯನ್ನು ತಿರುವಿದ್ದಾರೆ. ಒಬ್ಬೊಬ್ಬರೇ ನುಸುಳಬೇಕಾದ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಓಬವ್ವ ಒಬ್ಬಳೇ ಒನಕೆ ಹಿಡಿದು ತಡೆದದ್ದು ನಮಗೆಲ್ಲ ಗೊತ್ತು. ಆಟದಲ್ಲಿ ಹಾಗಾದರೆ ನುಗ್ಗುವ ಟೀಮಿನ ಐದು ಹುಡುಗರು ಎರಡನೇ ಮ್ಯಾಚಿಗೇ ಫೋನ್ ಕೆಳಗಿಡುತ್ತಾರೆ. ಮ್ಯಾಪಿನಲ್ಲಿ ತಡೆಯುವವರು ಹೆಚ್ಚು ಕಡಿಮೆ ಅರ್ಧದಷ್ಟು ಸಲ ಸೋಲಬೇಕು.

ಆದರೆ ದಾರಿ ಇದೆ. ಏಳು ಸುತ್ತನ್ನು ಮೂರು ಹಂತಕ್ಕೆ ಇಳಿಸಿ. ಟೀಮ್ ಫೋರ್ಟ್ರೆಸ್ 2ರ ಡಸ್ಟ್‌ಬೌಲ್ ಹೀಗೇ ಮೂರು ಹಂತದ್ದು. ಒಂದು ಹಂತ ಗೆದ್ದರೆ ನುಗ್ಗುವವರು ಮತ್ತೆ ಹುಟ್ಟುವ ಜಾಗವೂ ಮುಂದಕ್ಕೆ ಬರಲಿ, ಇಲ್ಲದಿದ್ದರೆ ಓಡುವುದರಲ್ಲೇ ಸಮಯ ಮುಗಿಯುತ್ತದೆ. ಪ್ರತಿ ಹೆಬ್ಬಾಗಿಲಿಗೆ ಬಂಡೆ ಹತ್ತಿ ಬರುವ ಒಂದು ಪಕ್ಕದ ದಾರಿ ಕೊಡಿ. ಕಿಂಡಿ ಖಂಡಿತ ಇರಲಿ, ಆದರೆ ಅದೇ ಮುಖ್ಯ ದಾರಿ ಆಗಬಾರದು. ಅದು ಹತ್ತಿರದ ದಾರಿ, ಒಬ್ಬೊಬ್ಬರೇ ಹೋಗಬೇಕು, ಒಳಗೆ ಯಾರಾದರೂ ಕಾದಿದ್ದರೆ ಸಾವು. ಆಗ ತಡೆಯುವ ಟೀಮಿಗೂ ಯೋಚನೆ ಹತ್ತುತ್ತದೆ: ಐವರಲ್ಲಿ ಒಬ್ಬರನ್ನು ಕಿಂಡಿ ಕಾಯಲು ಬಿಡಬೇಕೋ ಬೇಡವೋ ಅಂತ. ಇದನ್ನೆಲ್ಲ ಮೊದಲು ಬೂದು ಬಣ್ಣದ ಬರೀ ಡಬ್ಬಗಳಲ್ಲಿ ಕಟ್ಟಿ, ಗೆಳೆಯರನ್ನು ಕರೆದು ಆಡಿಸಿ, ಯಾರು ಎಲ್ಲಿ ಸಾಯುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಗೋಪಾಲಸ್ವಾಮಿ ಹೊಂಡವನ್ನೂ ಗುಡಿಗಳನ್ನೂ ಆಮೇಲೆ ಎಷ್ಟು ಚೆಂದ ಬೇಕಾದರೂ ಮಾಡಬಹುದು.