ಸೊಂಟದ ಬೆಲ್ಟ್ ಕೊಳ್ಳುವಾಗ ಮೊದಲು ಬಿಚ್ಚಿ ನೋಡಿ

ಹೋದ ತಿಂಗಳು ಒಬ್ಬರು ಮನೆಗೆ ಕರೆದಿದ್ದರು. ಅವರ ಲ್ಯಾಬ್ರಡಾರ್‌ಗೆ ಎರಡೂವರೆ ವರ್ಷ, ತೂಕ 35 ಕೆ.ಜಿ. ಹೊಸದಾಗಿ ತರಿಸಿದ ಹ್ಯಾಂಡ್ಸ್‌ಫ್ರೀ ಲೀಶ್, ಅಂದರೆ ಕೈಯಲ್ಲಿ ಹಿಡಿಯದೆ ಸೊಂಟದ ಬೆಲ್ಟಿಗೆ ಸಿಕ್ಕಿಸುವ ನಾಯಿ ಹಗ್ಗ, ಮೇಜಿನ ಮೇಲಿತ್ತು. "ತುಂಬಾ ಎಳೀತಾನೆ, ಭುಜ ನೋವು ಬಂದಿದೆ. ಸೊಂಟಕ್ಕೆ ಕಟ್ಕೊಂಡ್ರೆ ಸರಿಹೋಗುತ್ತೆ ಅಲ್ವಾ?" ಎಂದು ಕೇಳಿದರು. ನಾಯಿಗಳಿಗೆ ತರಬೇತಿ ಕೊಡುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸರಿಹೋಗುವುದಿಲ್ಲ. ಭುಜದ ನೋವು ಬೆನ್ನಿಗೆ ಇಳಿಯುತ್ತದೆ, ಅಷ್ಟೇ.

ಸ್ವಲ್ಪ ಲೆಕ್ಕ ಹಾಕೋಣ. 35 ಕೆ.ಜಿ. ನಾಯಿ ಬೆಕ್ಕನ್ನು ನೋಡಿ ನುಗ್ಗಿತು ಅಂದುಕೊಳ್ಳಿ. ಲೀಶ್ ಬಿಗಿಯಾಗುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 4 ಮೀಟರ್, ಅಂದರೆ ಗಂಟೆಗೆ ಸುಮಾರು 14 ಕಿ.ಮೀ. ಆಗ ಬೀಳುವ ಏಟು, 25 ಕೆ.ಜಿ. ಅಕ್ಕಿ ಮೂಟೆ ಸೊಂಟಕ್ಕಿಂತ ಸ್ವಲ್ಪ ಎತ್ತರದಿಂದ ಬಿದ್ದಷ್ಟು. ಕೈಯಲ್ಲಿ ಲೀಶ್ ಇದ್ದರೆ ಮೊಣಕೈ, ಭುಜ ಒಂದಿಷ್ಟು ಬಾಗಿ ಆ ಏಟನ್ನು ನುಂಗುತ್ತವೆ. ಕೊನೆಗೆ ಕೈ ಬಿಟ್ಟರೂ ಆಯಿತು. ಸೊಂಟಕ್ಕೆ ಆ ಅನುಕೂಲ ಇಲ್ಲ.

ಇದು ನನಗೆ ಬಿದ್ದು ಗೊತ್ತಾದ ವಿಷಯ. ಕೆಲವು ವರ್ಷಗಳ ಹಿಂದೆ ಜಯನಗರದಲ್ಲಿ ಬೆಳಗಿನ ವಾಕಿಂಗ್. ಜೊತೆಯಲ್ಲಿ ನನ್ನ ಜರ್ಮನ್ ಶೆಫರ್ಡ್. ಏಳಡಿ ಲೀಶ್, ಹೊಟ್ಟೆಯ ಮೇಲೆ ಬೆಲ್ಟ್, ತಿರುಗಿಸಿ ಮುಚ್ಚುವ ಕೊಂಡಿ. ನಿಲ್ಲಿಸಿದ್ದ ಕಾರಿನ ಕೆಳಗಿಂದ ಬೀದಿನಾಯಿಯೊಂದು ಎದ್ದು ಬಂತು. ನಾನು ಪಕ್ಕಕ್ಕೆ ಬಿದ್ದೆ, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಬಿದ್ದದ್ದು ಹೋಗಲಿ. ಬಿದ್ದ ಮೇಲೆ ಆ ಕೊಂಡಿಯನ್ನು ಬಿಚ್ಚಲು ಆಗಲಿಲ್ಲ. ನಾಯಿ ಎಳೆಯುತ್ತಲೇ ಇತ್ತು, ಬಿಗಿಯಾದ ಕೊಂಡಿ ತಿರುಗಲಿಲ್ಲ. ಎರಡು ನಾಯಿಗಳ ನಡುವೆ ನೆಲದ ಮೇಲೆ ಇದ್ದ ಆ ಅರ್ಧ ನಿಮಿಷ ಇವತ್ತಿಗೂ ಮರೆತಿಲ್ಲ. 2023ರ ಬಿಬಿಎಂಪಿ ಎಣಿಕೆಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ನಮ್ಮ ರಸ್ತೆಗಳಲ್ಲಿ ಇಂಥದ್ದು ಯಾವ ದಿನ ಬೇಕಾದರೂ ಆಗಬಹುದು.

ಹಾಗಾಗಿ ಯಾರು ಕೇಳಿದರೂ ಹೇಳುವುದು ಒಂದೇ: ಬೆಲ್ಟ್ ಎಷ್ಟು ಗಟ್ಟಿ ಎಂದು ನೋಡುವ ಮೊದಲು, ಅದು ಎಷ್ಟು ಬೇಗ ಬಿಚ್ಚುತ್ತದೆ ನೋಡಿ. ಅದೂ ಎಳೆತ ಇರುವಾಗ. ಮನೆಯ ಗೇಟಿಗೆ ಲೀಶ್ ಸಿಕ್ಕಿಸಿ. ಬೆಲ್ಟ್ ಕಟ್ಟಿಕೊಂಡು ಹಿಂದಕ್ಕೆ ವಾಲಿ, ಮೈಭಾರವೆಲ್ಲ ಬಿಡಿ. ಬಿಚ್ಚಿದ ಕೂಡಲೇ ಹಿಂದಕ್ಕೆ ಬೀಳುತ್ತೀರಿ, ಯಾರಾದರೂ ಬೆನ್ನಿಗೆ ನಿಂತಿರಲಿ. ಈಗ ಒಂದೇ ಕೈಯಲ್ಲಿ, ಕೆಳಗೆ ನೋಡದೆ ಬಿಚ್ಚಿ. ಆಮೇಲೆ ಇನ್ನೊಂದು ಕೈಯಲ್ಲಿ. ಎರಡರಲ್ಲಿ ಯಾವ ಒಂದು ಕೈಯಲ್ಲಿ ಬಿಚ್ಚಲು ಬರದಿದ್ದರೂ ಆ ಬೆಲ್ಟ್ ವಾಪಸ್ ಕಳಿಸಿ. ಕುದುರೆ ಕಟ್ಟುವವರು ಬಳಸುವ ಪ್ಯಾನಿಕ್ ಸ್ನ್ಯಾಪ್ ಎಂಬ ಕೊಂಡಿ ಇದೆ. ಅದರ ಮೇಲಿನ ಜಾರುವ ಕೊಳವೆಯನ್ನು ಎಳೆದರೆ ಎಷ್ಟೇ ಬಿಗಿ ಇದ್ದರೂ ಬಿಟ್ಟುಕೊಳ್ಳುತ್ತದೆ. ನಾನು ಈಗ ಅದನ್ನೇ ಬಳಸುತ್ತೇನೆ.

ಎರಡನೆಯದು, ಬೆಲ್ಟ್ ಎಲ್ಲಿ ಕೂರಬೇಕು ಎಂಬುದು. ಹೊಟ್ಟೆಯ ಮೇಲಲ್ಲ. ಹೆಂಗಸರು ನೀರಿನ ಕೊಡವನ್ನೋ ಮಗುವನ್ನೋ ಸೊಂಟದ ಮೇಲೆ ಇಟ್ಟುಕೊಳ್ಳುವಾಗ ಆಸರೆ ಕೊಡುವ ಮೂಳೆ ಇದೆಯಲ್ಲ, ಅಲ್ಲಿ. ಎಳೆತ ಅಲ್ಲಿಗೆ ಬಿದ್ದರೆ ಕಾಲು ತಡೆಯುತ್ತದೆ. ಮೇಲೆ ಬಿದ್ದರೆ ನಡು ಬಾಗುತ್ತದೆ, ಬೆನ್ನುಮೂಳೆ ಹಿಂಡುತ್ತದೆ. ನಾಯಿಯ ಜೊತೆ ಓಡುವ ಕ್ಯಾನಿಕ್ರಾಸ್ ಆಟದ ಬೆಲ್ಟ್‌ಗಳಿಗೆ ತೊಡೆಯ ಸುತ್ತ ಪಟ್ಟಿ ಇರುವುದು ಇದಕ್ಕೇ, ಬೆಲ್ಟ್ ಮೇಲೇರಬಾರದು ಎಂದು. ಅಗಲ ಎರಡು ಇಂಚಾದರೂ ಇರಲಿ. ಲೀಶ್ ಸಿಕ್ಕಿಸುವ ಜಾಗ ಮುಂದೆ ಇರಬೇಕು, ಸ್ವಲ್ಪ ಪಕ್ಕಕ್ಕಾದರೂ ಪರವಾಗಿಲ್ಲ. ಮುಂದಕ್ಕೆ ಎಳೆದರೆ ಒಂದು ಹೆಜ್ಜೆ ಇಟ್ಟು ಸುಧಾರಿಸಿಕೊಳ್ಳಬಹುದು. ಪಕ್ಕಕ್ಕೋ ಹಿಂದಕ್ಕೋ ಎಳೆದರೆ ಕಷ್ಟ.

ಉದ್ದದ ವಿಷಯದಲ್ಲಿ ಜನ ತಪ್ಪು ಮಾಡುತ್ತಾರೆ. ಉದ್ದ ಇದ್ದರೆ ನಾಯಿಗೆ ಆರಾಮ ಅನ್ನಿಸುತ್ತದೆ. ಆದರೆ ಲೀಶ್ ಸಡಿಲ ಇದ್ದಷ್ಟೂ ನಾಯಿಗೆ ಓಡಲು ಜಾಗ, ಓಡಿದಷ್ಟೂ ಏಟು ಜಾಸ್ತಿ. ಊರೊಳಗೆ ನಾಲ್ಕೈದು ಅಡಿ ಸಾಕು. ನಾಯಿಯ ಕಡೆಯ ತುದಿಯಲ್ಲಿ ಇನ್ನೊಂದು ಗಿಡ್ಡ ಹಿಡಿಕೆ ಇರಲೇಬೇಕು. ಸ್ಕೂಟರ್ ಬಂದಾಗ, ಇನ್ನೊಂದು ನಾಯಿ ಕಂಡಾಗ ಹಿಡಿಯುವುದು ಅದನ್ನೇ. ಕೈ ಖಾಲಿ ಇಟ್ಟುಕೊಂಡಿರುವುದೂ ಅದಕ್ಕೇ, ಮೊಬೈಲಿಗಲ್ಲ. ತಾನೇ ಸುತ್ತಿಕೊಳ್ಳುವ ಡಬ್ಬಿ ಲೀಶನ್ನು ಯಾವ ಕಾರಣಕ್ಕೂ ಸೊಂಟಕ್ಕೆ ಸಿಕ್ಕಿಸಬೇಡಿ.

ಹಿಗ್ಗುವ ಬಂಜೀ ಲೀಶ್ ಬೇಕಾ? ಏಟಿನ ಬಿರುಸನ್ನು ಅದು ತಗ್ಗಿಸುತ್ತದೆ, ನಿಜ. ಆದರೆ ಪೂರ್ತಿ ಬಂಜೀ ಆದರೆ ನಾಯಿ ಎಳೆದಾಗೆಲ್ಲ ಮುಂದೆ ಹೋಗಲು ಬಿಡುತ್ತದೆ. ಅಂದರೆ ಎಳೆಯುವುದನ್ನು ಸುಮ್ನೆ ಕಲಿಸಿದ ಹಾಗೆ. ಬೆಲ್ಟಿನ ಹತ್ತಿರ ಒಂದಡಿ ಬಂಜೀ, ಉಳಿದದ್ದು ಒಂದಿಂಚು ಅಗಲದ ನೈಲಾನ್ ಪಟ್ಟಿ ಇದ್ದರೆ ಒಳ್ಳೆಯದು. ನಿಮ್ಮ ನಾಯಿಯ ತೂಕಕ್ಕೆ ಮಾಡಿದ್ದೇ ಎಂದು ನೋಡಿಕೊಳ್ಳಿ. ತೆಳು ಬಂಜೀ ಪೂರ್ತಿ ಹಿಗ್ಗಿ ನಿಂತ ಮೇಲೆ ಬರೀ ಹಗ್ಗವೇ.

ಹೊಳೆಯುವ ಅಗ್ಗದ ಕೊಂಡಿಗಳು ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕ. ಅವು ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತವೆ. ಗಟ್ಟಿ ಹಿತ್ತಾಳೆಯದೋ ಸ್ಟೀಲಿನದೋ ಕೊಳ್ಳಿ.

ನಾಯಿಯ ಮೈಮೇಲೆ ಹಾರ್ನೆಸ್ ಇರಲಿ, ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕೂರುವಂಥದ್ದು. ಸೊಂಟದಿಂದ ಬರುವ ಎಳೆತ ಕುತ್ತಿಗೆಗೆ ಬೀಳಬಾರದು. ಮುಧೋಳ ನಾಯಿ ಸಾಕಿದವರಿಗೆ ಇನ್ನೊಂದು ಮಾತು. ಅದರ ತಲೆ ಸಣ್ಣದು, ಕುತ್ತಿಗೆ ಉದ್ದ. ಸಾಮಾನ್ಯ ಕಾಲರಿನಿಂದ ಹಿಂದಕ್ಕೆ ಜಾರಿ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗಲು ಹುಟ್ಟಿದ ಬೇಟೆನಾಯಿ ಅದು. ತೂಕ ಕಡಿಮೆ ಎಂದು ಹಗುರವಾಗಿ ನೋಡಬೇಡಿ.

ಯಾರಿಗೆ ಇದು ಬೇಡ? ಗರ್ಭಿಣಿಯರಿಗೆ, ಡಿಸ್ಕ್ ತೊಂದರೆ ಇರುವವರಿಗೆ, ಮೂಳೆ ಸವೆದ ಹಿರಿಯರಿಗೆ. ನಾಯಿಯ ತೂಕ ನಿಮ್ಮ ತೂಕದ ಅರ್ಧಕ್ಕಿಂತ ಜಾಸ್ತಿ ಇದ್ದರೂ ನಾನು ಬೇಡ ಅನ್ನುತ್ತೇನೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಫುಟ್‌ಪಾತಿನ ಮೇಲೆ ಯಾರಿಗೂ ಬೇಡ.

ಆ ಲ್ಯಾಬ್ರಡಾರ್ ಮನೆಯಲ್ಲಿ ಬೆಲ್ಟನ್ನು ಕಪಾಟಿನಲ್ಲಿ ಇಡಿಸಿದೆ. ಮೊದಲು ಕೈಯಲ್ಲಿ ಲೀಶ್ ಹಿಡಿದು ಅಭ್ಯಾಸ. ನಾಯಿ ಎಳೆದ ಕೂಡಲೇ ನಿಲ್ಲುವುದು, ಲೀಶ್ ಸಡಿಲವಾದ ಮೇಲಷ್ಟೇ ಹೆಜ್ಜೆ. ಪರೀಕ್ಷೆ ಇಷ್ಟೇ: ಲೀಶನ್ನು ಎರಡು ಬೆರಳಲ್ಲಿ ಮಾತ್ರ ಹಿಡಿದು ಹದಿನೈದು ನಿಮಿಷ ನಡೆಯಬೇಕು, ಜಾರಬಾರದು. ಐದನೇ ವಾರಕ್ಕೆ ಅವರು ಗೆದ್ದರು. ಅವತ್ತು ಬೆಲ್ಟ್ ಹೊರಗೆ ತೆಗೆದೆವು. ನಾಯಿಯನ್ನು ಒಳಗೆ ಬಿಟ್ಟು ಲೀಶನ್ನು ಮೊದಲು ಗೇಟಿಗೆ ಕಟ್ಟಿದೆವು. ಅವರ ಬೆನ್ನಿಗೆ ಕೈಕೊಟ್ಟು ನಿಂತೆ. ಅವರು ಕಣ್ಣು ಮುಚ್ಚಿ, ಎಡಗೈಯಲ್ಲಿ, ಮೂರು ಸಲ ಬಿಚ್ಚಿದರು.