ಗೀಸರ್ ಕಾಯಿಲ್ ಸುಡುವುದೇಕೆ? ಗಡಸು ನೀರಿನ ಲೆಕ್ಕಾಚಾರ

ಗೀಸರ್ ಕಾಯಿಲ್ ಬೇಗ ಸುಟ್ಟುಹೋದರೆ ಹೆಚ್ಚಿನವರು ಬೈಯುವುದು ಕಂಪನಿಯನ್ನು. ಕಾಯಿಲನ್ನು ಹೊರಗೆಳೆದರೆ ಕಾರಣ ಕಣ್ಣಿಗೇ ಕಾಣುತ್ತದೆ. ಕೊಳವೆಯ ಸುತ್ತ ಬೂದುಬಿಳಿ ಹಕ್ಕಳೆ, ಸುರುಳಿಗಳ ನಡುವೆ ಸಂದಿಯೇ ಇಲ್ಲದಂತೆ ಗಟ್ಟಿಯಾದ ಸುಣ್ಣ, ಒಂದು ಕಡೆ ಕೊಳವೆ ಸೀಳಿ ಒಳಗಿನ ಬಿಳಿ ಪುಡಿ ಇಣುಕುತ್ತಿರುತ್ತದೆ. ಆ ಪುಡಿ ಮೆಗ್ನೀಸಿಯಂ ಆಕ್ಸೈಡ್, ವಿದ್ಯುತ್ ತಂತಿಗೂ ಹೊರಗಿನ ಲೋಹಕ್ಕೂ ನಡುವೆ ಇರುವ ನಿರೋಧಕ. ಅದಕ್ಕೆ ನೀರು ತಾಗಿತೆಂದರೆ ಕರೆಂಟ್ ಸೋರುತ್ತದೆ.

ನೀರನ್ನು ಗಡಸು ಮಾಡುವುದು ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಬೈಕಾರ್ಬೊನೇಟ್ ರೂಪದಲ್ಲಿರುವ ಕ್ಯಾಲ್ಸಿಯಂ ತಣ್ಣೀರಿನಲ್ಲಿ ಹೆಚ್ಚಾಗಿ ಕರಗಿಯೇ ಇರುತ್ತದೆ. ಬಿಸಿ ಏರಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. 60 ಡಿಗ್ರಿ ದಾಟಿದ ಮೇಲೆ ಇದು ಬಿರುಸಾಗುತ್ತದೆ. ಗೀಸರಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ ಕಾಯಿಲಿನ ಮೈ, ಅದಕ್ಕೇ ಸುಣ್ಣ ಮೊದಲು ಅಲ್ಲಿ ಕೂರುತ್ತದೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನವಿರುವ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸುತ್ತೀರೆಂದುಕೊಳ್ಳಿ. ಅದರಲ್ಲಿ 40 ಗ್ರಾಂ ಗಡಸು ಇದೆ. ಹತ್ತರಲ್ಲೊಂದು ಪಾಲು ಒಳಗೆ ಉಳಿದರೂ ವರ್ಷಕ್ಕೆ ಸುಮಾರು ಒಂದೂವರೆ ಕಿಲೋ.

ಹಕ್ಕಳೆ ಕಟ್ಟಿದರೆ ಕರೆಂಟ್ ಬಿಲ್ ವಿಪರೀತ ಏರುತ್ತದೆ ಎಂಬ ಮಾತು ಎಲೆಕ್ಟ್ರಿಕ್ ಗೀಸರಿಗೆ ಅಷ್ಟಾಗಿ ಹೊಂದುವುದಿಲ್ಲ. ಕಾಯಿಲ್ ನೀರಿನೊಳಗೇ ಮುಳುಗಿದೆ, ಅದರ ಶಾಖ ಬೇರೆಲ್ಲಿಗೂ ಹೋಗಲಾರದು, ತಡವಾಗಿಯಾದರೂ ನೀರನ್ನೇ ಸೇರುತ್ತದೆ. ಬಿಸಿ ಹೊಗೆಯ ಜೊತೆ ಶಾಖ ಹೊರಗೆ ಹೋಗುವ ಗ್ಯಾಸ್ ಗೀಸರಿನಲ್ಲಿ ನಷ್ಟ ನಿಜ. ಎಲೆಕ್ಟ್ರಿಕ್ ಗೀಸರಿನಲ್ಲಿ ಬೆಲೆ ತೆರುವುದು ಕಾಯಿಲ್: ಪದರ ದಪ್ಪವಾದಷ್ಟೂ ಕೊಳವೆ ಒಳಗೊಳಗೇ ಮಿತಿಮೀರಿ ಕಾದು ಸೀಳುತ್ತದೆ. ನೀರು ಕಾಯುವಾಗ ಚಟಚಟ ಸದ್ದು ಬರುತ್ತಿದ್ದರೆ ಹಕ್ಕಳೆಯಡಿ ಸಿಕ್ಕಿಕೊಂಡ ನೀರು ಕುದಿಯುತ್ತಿರಬಹುದು. ಕಾಯಿಲ್ ಪೂರ್ತಿ ಕೆಡುವ ಮೊದಲೇ ಬಿಚ್ಚಿಸಿ.

ಥರ್ಮೋಸ್ಟಾಟನ್ನು 75ಕ್ಕೆ ಇಟ್ಟು ಆಮೇಲೆ ತಣ್ಣೀರು ಬೆರೆಸುವ ಅಭ್ಯಾಸ ಬಿಡಿ. 60ರ ಆಸುಪಾಸು ಸಾಕು. ತೀರಾ ಕೆಳಗಿಳಿಸಿ ದಿನಗಟ್ಟಲೆ ನೀರು ನಿಲ್ಲಿಸಿದರೆ ಬ್ಯಾಕ್ಟೀರಿಯಾ ಬೆಳೆಯುವ ಭಯ ಬೇರೆ ಇದೆ.

ಸ್ವಚ್ಛ ಮಾಡುವಾಗ ಮೊದಲು ಕರೆಂಟ್ ಪೆಟ್ಟಿಗೆಯಲ್ಲಿ ಗೀಸರಿನ ಕರೆಂಟ್ ಕಡಿಯುವ ಎಂಸಿಬಿ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನಷ್ಟೇ ನಂಬಬೇಡಿ. ನೀರು ತಣ್ಣಗಾದ ಮೇಲೆ ಟ್ಯಾಂಕ್ ಖಾಲಿ ಮಾಡಿ ಕಾಯಿಲ್ ತೆಗೆಯಬೇಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ತಂತಿ ಜೋಡಿಸುವ ತುದಿ ನೆನೆಯದಂತೆ ಕಾಯಿಲನ್ನು ಒಂದೆರಡು ಗಂಟೆ ಮುಳುಗಿಸಿಡಿ. ನೊರೆ ನಿಂತಮೇಲೂ ಸುಣ್ಣ ಉಳಿದಿದ್ದರೆ ದ್ರಾವಣ ಬದಲಿಸಿ. ಕುದಿಯುವ ನೀರು ಬೇಡ, ತೀರಾ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪದರ ಕೂರುತ್ತದೆ. ಚಾಕುವಿನಿಂದ ಕೆರೆಯುವುದು, ಸುತ್ತಿಗೆಯಿಂದ ಬಡಿಯುವುದು, ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವುದು ಮೂರೂ ಕೊಳವೆಗೆ ಕುತ್ತು. ಆ ಆಸಿಡ್‌ನಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸಣ್ಣ ರಂಧ್ರ ಕೊರೆಯುತ್ತದೆ. ಯಾವ ಆಸಿಡ್ಡನ್ನೂ ಬ್ಲೀಚ್ ಜೊತೆ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮತ್ತೆ ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಟ್ಯಾಂಕ್ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಸಮನೆ ಬರುವವರೆಗೆ ಕರೆಂಟ್ ಕೊಡಬೇಡಿ.

ಬಿಚ್ಚಿದಾಗಲೇ ಆನೋಡ್ ರಾಡನ್ನೂ ನೋಡಿ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಈ ಮೆಗ್ನೀಸಿಯಂ ಸರಳು ಅರ್ಧ ಕರಗಿದ್ದರೆ ಬದಲಿಸಬೇಕು. ಸೇಫ್ಟಿ ವಾಲ್ವನ್ನು ಮಾತ್ರ ಎಂದಿಗೂ ಕಡೆಗಣಿಸಬೇಡಿ. ಸುಣ್ಣ ಕಟ್ಟಿ ಅದು ಕಚ್ಚಿಕೊಂಡರೆ ಒತ್ತಡ ಹೊರಹೋಗಲು ದಾರಿಯಿರದು, ಥರ್ಮೋಸ್ಟಾಟೂ ಕೈಕೊಟ್ಟರೆ ಟ್ಯಾಂಕ್ ಸಿಡಿಯಬಹುದು. ಸನ್ನೆ ಇರುವ ವಾಲ್ವಾದರೆ ಆಗಾಗ ಎತ್ತಿ, ನೀರು ಸರಾಗವಾಗಿ ಬಂದು ಮತ್ತೆ ನಿಲ್ಲುತ್ತದೆಯೇ ನೋಡಿ. ಆ ನೀರು ಬಿಸಿಯಿರುತ್ತದೆ, ಕೈ ದೂರವಿರಲಿ.

ವಾಷಿಂಗ್ ಮಷೀನಿನಲ್ಲಿ ಮೊದಲು ಕಟ್ಟಿಕೊಳ್ಳುವುದು ಇನ್‌ಲೆಟ್ ಪೈಪಿನ ತುದಿಯ ಜಾಲರಿ, ಅದನ್ನು ಬಿಚ್ಚಿ ತೊಳೆದರೆ ಆಯಿತು. ಬಟ್ಟೆ ಮಂಕಾಗಿ ಒರಟಾಗುತ್ತಿದ್ದರೆ ಪೊಟ್ಟಣದ ಮೇಲೆ ಗಡಸು ನೀರಿಗೆಂದು ಬರೆದಿರುವ ಅಳತೆಯಷ್ಟು ಪುಡಿ ಹಾಕಿ.

ಈ ಉಪಾಯಗಳಲ್ಲಿ ಹೆಚ್ಚಿನವು ಸುಣ್ಣ ಕಟ್ಟಿದ ಮೇಲಿನವು, ಕಟ್ಟದಂತೆ ತಡೆಯಲು ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಬೇಕು. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ. ಮೇಲೆ ಹೇಳಿದ, ಲೀಟರಿಗೆ 400 ಮಿಲಿಗ್ರಾಂ ಗಡಸಿರುವ ನೀರನ್ನೇ ಮನೆಯವರೆಲ್ಲ ದಿನಕ್ಕೆ 500 ಲೀಟರ್ ಬಳಸಿದರೆ ಗಡಸು 200 ಗ್ರಾಂ, 25 ಲೀಟರ್ ರೆಸಿನ್ ಆರು ದಿನ ಬಾಳುತ್ತದೆ. ಆಮೇಲೆ ಉಪ್ಪುನೀರು ಹಾಯಿಸಿ ಅದನ್ನು ಮತ್ತೆ ಸಜ್ಜುಗೊಳಿಸಬೇಕು. ಅದನ್ನು ಮರೆತರೆ ಗಡಸು ನೀರು ಗಡಸಾಗಿಯೇ ಹೊರಬರುತ್ತದೆ. ಪ್ರತಿ 100 ಮಿಲಿಗ್ರಾಂ ಗಡಸಿಗೆ 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುವುದರಿಂದ ಕುಡಿಯುವ ನೀರಿನ ನಲ್ಲಿಗೆ ಬೇರೆ ಪೈಪ್ ಇರಲಿ, ರಕ್ತದೊತ್ತಡವಿರುವವರ ಮನೆಯಲ್ಲಂತೂ ಇದು ಮುಖ್ಯ.

ಸಾಫ್ಟ್‌ನರ್ ಹಾಕಿಸಿದವರು, ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ, ಅಂಕಿ ಇಳಿದಿಲ್ಲವೆಂದು ಯಂತ್ರವನ್ನೇ ದೂರುವುದುಂಟು. ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬಂದಿರುವಾಗ ಆ ಅಂಕಿ ಇಳಿಯುವುದೇ ಇಲ್ಲ. ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ತಂದು, ಸಾಫ್ಟ್‌ನರಿಗೆ ಹೋಗುವ ನೀರನ್ನೂ ಅದರಿಂದ ಬರುವ ನೀರನ್ನೂ ಪಕ್ಕಪಕ್ಕ ಪರೀಕ್ಷಿಸಿ.